ಗೆಲ್ಲಬೇಕಾಗಿಲ್ಲದ ಆಟ

2020ರ ಜೂನ್ ತಿಂಗಳನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ನ್ಯೂಜೆರ್ಸಿಯಲ್ಲಿ ಶಾಲೆ, ಆಫೀಸು, ದೇವಸ್ಥಾನ ಎಲ್ಲಕ್ಕೂ ಬೀಗ. ಓಕ್ ಟ್ರೀ ರಸ್ತೆಯಲ್ಲಿ ಒಂದು ಕಟ್ಟು ಕರಿಬೇವಿಗಾಗಿ ಮೂಗು ಬಾಯಿ ಮುಚ್ಚಿಕೊಂಡು ಆರಾರು ಅಡಿ ದೂರದಲ್ಲಿ ಸಾಲು ನಿಂತ ಕಾಲ. ಟೀವಿಯಲ್ಲಿ ಆಟ ಎಂದರೆ ಹಳೆಯ ಪಂದ್ಯಗಳ ಮರುಪ್ರಸಾರ; ಯಾರು ಗೆದ್ದರೆಂದು ಎಂದೋ ಗೊತ್ತಿದ್ದವು. ಅಂಥ ಹೊತ್ತಿನಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರಿನಲ್ಲಿ ಜೂನ್ 1ರಂದು ಸ್ನೂಕರ್ ಚಾಂಪಿಯನ್‌ಶಿಪ್ ಲೀಗ್ ಶುರುವಾಯಿತು. ಪ್ರೇಕ್ಷಕರೇ ಇಲ್ಲದ ಸಭಾಂಗಣ, ಹಸಿರು ಮೇಜು, ಚೆಂಡಿಗೆ ಚೆಂಡು ತಾಗುವ ಸದ್ದು ಬಿಟ್ಟರೆ ಮೌನ. ನಾನು ಬೆಳಗಿನ ಕಾಫಿ ಹಿಡಿದುಕೊಂಡು ಕಂಪ್ಯೂಟರ್ ಮುಂದೆ ಕೂತುಬಿಡುತ್ತಿದ್ದೆ. ನಮ್ಮಾಕೆ ಒಂದು ದಿನ ಇಣುಕಿ ನೋಡಿ, "ಇದೇನು, ಆಟವೋ ಶ್ರಾದ್ಧವೋ?" ಅಂದಳು.

ಆ ಪಂದ್ಯಾವಳಿಯಲ್ಲಿ 64 ಆಟಗಾರರು, ನಾಲ್ಕು ನಾಲ್ಕು ಜನರ 16 ಗುಂಪು. ಗುಂಪಿನಲ್ಲಿ ಪ್ರತಿಯೊಬ್ಬನೂ ಉಳಿದ ಮೂವರೊಡನೆ ಆಡಬೇಕು. ಗೆದ್ದರೆ ಮೂರು ಅಂಕ, ಎರಡು–ಎರಡು ಫ್ರೇಮಿನ ಸಮ ಆದರೆ ಒಂದು. ಮೊದಲನೆಯವನಿಗೆ ಮಾತ್ರ ಮುಂದಿನ ಹಂತ. ಕೊನೆಗೆ ಬೆಲ್ಜಿಯಂನ ಲೂಕಾ ಬ್ರೆಸೆಲ್ ಗೆದ್ದ, ಅದಿರಲಿ. ನನ್ನನ್ನು ಕಾಡಿದ್ದು ಗೆದ್ದವನಲ್ಲ. ಎರಡು ಪಂದ್ಯ ಸೋತು ಮೂರನೆಯದಕ್ಕೆ ಮೇಜಿನ ಬಳಿ ಬಂದು ನಿಲ್ಲುವವನು. ಅವನ ಲೆಕ್ಕ ಮುಗಿದಿದೆ. ಗೆದ್ದರೂ ಮನೆಗೆ, ಸೋತರೂ ಮನೆಗೆ. ಆದರೆ ಎದುರಿಗೆ ಇರುವವನಿಗೆ ಅದೇ ಆಟ ಸರ್ವಸ್ವ. ಇನ್ನೊಬ್ಬ, ತನ್ನ ಆಟ ಮುಗಿಸಿ ಎಲ್ಲೋ ಕೋಣೆಯಲ್ಲಿ ಕೂತವನಿಗೂ ಅದು ಸರ್ವಸ್ವ. ತನಗೆ ಬೇಡವಾದ ಆಟದಲ್ಲಿ ಇವನು ಎಷ್ಟು ಮನಸ್ಸಿಟ್ಟು ಆಡಬೇಕು? ಯಾರಿಗಾಗಿ?

ಸ್ನೂಕರ್ ಅಂದರೆ ದೊರೆಗಳ ಆಟ, ನಮಗೇನು ಸಂಬಂಧ ಎನ್ನಬೇಡಿ. ಅದು ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೈನ್ಯದ ಮೆಸ್ಸಿನಲ್ಲಿ ಎನ್ನುತ್ತಾರೆ. ಅದರ ಕಟ್ಟುಪಾಡು ಒಂದು ರೂಪಕ್ಕೆ ಬಂದದ್ದು ಊಟಿ ಕ್ಲಬ್ಬಿನಲ್ಲಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ಹನಿಮೂನಿಗೆ ಹೋಗಿಬಂದ ನಮ್ಮ ಅದೆಷ್ಟೋ ದಂಪತಿಗಳು ಆ ಕ್ಲಬ್ಬಿನ ಬೇಲಿಯ ಹೊರಗೇ ನಿಂತು ಫೋಟೋ ತೆಗೆಸಿಕೊಂಡಿರಬಹುದು. ಇನ್ನು ನಮ್ಮ ಕಾಲಕ್ಕೆ ಬಂದರೆ ಬೆಂಗಳೂರಿನ ಪಂಕಜ್ ಆಡ್ವಾಣಿ ಇದ್ದಾರೆ. ಅರವಿಂದ ಸಾವೂರರ ಕೈಯಲ್ಲಿ ತಯಾರಾದ ಹುಡುಗ, 2003ರಲ್ಲಿ ಚೀನಾದಲ್ಲಿ ಹದಿನೆಂಟರ ಪ್ರಾಯಕ್ಕೇ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದ. 2012ರಿಂದ ಎರಡು ವರ್ಷ ಇಂಗ್ಲೆಂಡಿನ ವೃತ್ತಿಪರರ ನಡುವೆ ಆಡಿ, 2014ರಲ್ಲಿ ಅದನ್ನು ಬಿಟ್ಟು ಊರಿಗೆ ಮರಳಿದ. (ಊರಿಗೆ ಮರಳಿದವರ ಬಗ್ಗೆ ನಮಗೆಲ್ಲ ಸ್ವಲ್ಪ ಹೊಟ್ಟೆಕಿಚ್ಚು ಇದ್ದೇ ಇರುತ್ತದೆ.) ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ 2024ರ ನವೆಂಬರಿನಲ್ಲಿ ದೋಹಾದಲ್ಲಿ ಗೆದ್ದದ್ದು ಅವರ 28ನೆಯ ವಿಶ್ವ ಪ್ರಶಸ್ತಿ. ಹವ್ಯಾಸಿಗಳ ವಿಶ್ವ ಸ್ಪರ್ಧೆಗಳಲ್ಲೂ ಮೊದಲು ಗುಂಪು ಹಂತ, ಆಮೇಲೆ ನಾಕೌಟ್.

ಈ ಆಟದಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಅಂಗಿಯ ತೋಳು ಚೆಂಡಿಗೆ ಸವರಿದರೆ, ಕೋಲು ಎರಡು ಸಲ ತಾಗಿದರೆ ಅದು ಫೌಲು. ರೆಫರಿಗೆ ಕಾಣದಿದ್ದರೆ? ಆಟಗಾರನೇ ಕೈಯೆತ್ತಿ ಹೇಳಬೇಕು. ಅದು ಈ ಆಟದ ಮರ್ಯಾದೆ. ಔಟೆಂದು ಗೊತ್ತಿದ್ದೂ ಅಂಪೈರ್ ಮುಖ ನೋಡುತ್ತ ನಿಲ್ಲುವ ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ಮೊದಲು ನಂಬಿಕೆಯಾಗಲಿಲ್ಲ. ಗೆಲ್ಲಬೇಕಾಗಿಲ್ಲದ ಆಟದಲ್ಲಿ ಕೈ ಸಡಿಲ ಬಿಡುವುದೂ ಇಂಥದೇ ಒಂದು ಕಾಣದ ಫೌಲು ಅಲ್ಲವೆ? ಚೆಂಡು ಅರ್ಧ ಇಂಚು ಪಕ್ಕಕ್ಕೆ ಹೋಯಿತು. ತಪ್ಪಿತೋ, ತಪ್ಪಿಸಿದ್ದೋ, ಹೊಡೆದವನಿಗೆ ಮಾತ್ರ ಗೊತ್ತು.

ಕ್ರಿಕೆಟ್ ಎಂದೆನಲ್ಲ, 1999ರ ವಿಶ್ವಕಪ್ ನೆನಪಿರುವವರು ಇದ್ದೀರಿ. ಮ್ಯಾಂಚೆಸ್ಟರಿನಲ್ಲಿ ವೆಸ್ಟ್ ಇಂಡೀಸ್ 110ಕ್ಕೆ ಆಲೌಟ್. ಆಸ್ಟ್ರೇಲಿಯಾ ಗೆಲ್ಲಲು ಅವಸರಪಡಬೇಕಿರಲಿಲ್ಲ. ಅವಸರಪಡದಿರುವುದೇ ಅವರಿಗೆ ಲಾಭ. ಮುಂದಿನ ಹಂತಕ್ಕೆ ಜೊತೆಯಲ್ಲಿ ಬರುವ ತಂಡಗಳ ಮೇಲೆ ಗಳಿಸಿದ ಅಂಕ ಮಾತ್ರ ಕೂಡಿಬರುತ್ತಿತ್ತು, ನ್ಯೂಜಿಲೆಂಡಿನ ಮೇಲೆ ಅವರು ಸೋತಿದ್ದರು. ಆದ್ದರಿಂದ ವೆಸ್ಟ್ ಇಂಡೀಸ್ ಬರಲಿ, ನ್ಯೂಜಿಲೆಂಡ್ ಬೇಡ ಎಂದು ಸ್ಟೀವ್ ವಾ ಮತ್ತು ಬೆವನ್ ಆಮೆಯ ಹಾಗೆ ಆಡಿದರು; ಎದುರಾಳಿಯ ಸರಾಸರಿ ಹಾಳಾಗಬಾರದಲ್ಲ! ಜನ ಕೂಗಾಡಿದರು. ಆದರೂ ಸ್ಕಾಟ್ಲೆಂಡನ್ನು ಸೋಲಿಸಿ ನ್ಯೂಜಿಲೆಂಡೇ ಮುಂದೆ ಹೋಯಿತು. 1982ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾದವರಿಗೆ ಆ ಅದೃಷ್ಟವಿರಲಿಲ್ಲ. ಅವರು ಜರ್ಮನಿಯನ್ನೇ ಸೋಲಿಸಿದವರು. ಅವರ ಪಂದ್ಯಗಳೆಲ್ಲ ಮುಗಿದ ಮರುದಿನ, ಜೂನ್ 25ರಂದು, ಸ್ಪೇನಿನ ಹಿಹಾನ್ ಎಂಬಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಆಡಿದವು. ಜರ್ಮನಿ ಒಂದು ಗೋಲಿನಿಂದ ಗೆದ್ದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಹೊರಕ್ಕೆ. ಹತ್ತನೆಯ ನಿಮಿಷಕ್ಕೆ ಗೋಲು ಬಿತ್ತು. ಉಳಿದ ಎಂಬತ್ತು ನಿಮಿಷ ಚೆಂಡು ಅವರ ಕಾಲಿನಿಂದ ಇವರ ಕಾಲಿಗೆ, ಇವರ ಕಾಲಿನಿಂದ ಅವರ ಕಾಲಿಗೆ. ಆ ಮೇಲೆ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ನಿಯಮ ಬಂತು. ಅಲ್ಜೀರಿಯಾಕ್ಕೆ ಅದರಿಂದ ಏನೂ ಸಿಗಲಿಲ್ಲ.

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ಬ್ಯಾಡ್ಮಿಂಟನ್ ಡಬಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಆ ವರ್ಷವಷ್ಟೇ ಗುಂಪು ಹಂತ ತಂದಿದ್ದರು. ಮುಂದೆ ಯಾರು ಎದುರಾಗಬೇಕು ಎಂಬ ಲೆಕ್ಕದಲ್ಲಿ ಎರಡೂ ಕಡೆಯವರು ಸೋಲಲು ಪೈಪೋಟಿಗೆ ಬಿದ್ದರು. ಸರ್ವಿಸ್ ನೆಟ್ಟಿಗೆ, ಹೊಡೆತ ಅಂಗಳದ ಹೊರಗೆ. ಚೀನಾ, ದಕ್ಷಿಣ ಕೊರಿಯಾ, ಇಂಡೊನೇಷ್ಯಾದ ಎಂಟು ಆಟಗಾರ್ತಿಯರನ್ನು ಹೊರಹಾಕಿದರು. ನನಗೆ ಅನ್ನಿಸುವುದು: ಶಿಕ್ಷೆ ಸರಿ, ಆದರೆ ಅರ್ಧ ಮಾತ್ರ ಸರಿ. ಸೋತರೆ ಲಾಭ ಎಂಬ ವ್ಯವಸ್ಥೆಯನ್ನು ಕಾಗದದ ಮೇಲೆ ಬರೆದವರು ಅದೇ ಸಭಾಂಗಣದಲ್ಲಿ ಬ್ಯಾಡ್ಜ್ ಹಾಕಿಕೊಂಡು ಕೂತಿದ್ದರು. ಅವರನ್ನು ಯಾರೂ ಎಬ್ಬಿಸಲಿಲ್ಲ. (ಈ ಮಾತನ್ನು ಸ್ವಲ್ಪ ನೆನಪಿಡಿ, ನನ್ನ ಸರದಿ ಬರುತ್ತದೆ.)

ಚಾಂಪಿಯನ್‌ಶಿಪ್ ಲೀಗಿನವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. 2008ರಲ್ಲಿ ಅದು ಶುರುವಾದಾಗಿನ ಏರ್ಪಾಡು ಬೇರೆ: ಗುಂಪಿಗೆ ಏಳು ಜನ. ಗೆದ್ದವನು ವಿಜೇತರ ಗುಂಪಿಗೆ, ಕೊನೆಯ ಇಬ್ಬರು ಮನೆಗೆ, ನಡುವಿನ ನಾಲ್ವರು ಮುಂದಿನ ಗುಂಪಿಗೆ. ಅಲ್ಲಿ ಹೊಸದಾಗಿ ಮೂವರು ಬಂದು ಸೇರುತ್ತಾರೆ. ಹೀಗೆ ಏಳು ಗುಂಪು, ಒಟ್ಟು 25 ಜನ. ಗುಂಪಿನಲ್ಲಿ ಗೆದ್ದ ಒಂದೊಂದು ಫ್ರೇಮಿಗೂ ದುಡ್ಡು. ಆದ್ದರಿಂದ ಯಾವ ಫ್ರೇಮೂ ಪೂರ್ತಿ ಸತ್ತ ಫ್ರೇಮಲ್ಲ. ಜಾಣತನದ ವ್ಯವಸ್ಥೆ, ಒಪ್ಪಿಕೊಳ್ಳುತ್ತೇನೆ. ಆದರೆ ದುಡ್ಡಿನಿಂದ ಕಟ್ಟಿದ ಶ್ರದ್ಧೆಯನ್ನು ಹೆಚ್ಚು ದುಡ್ಡಿನಿಂದ ಬಿಚ್ಚಬಹುದಲ್ಲ. ಇಂಗ್ಲೆಂಡಿನ ಸ್ಟೀಫನ್ ಲೀ, ಒಂದು ಕಾಲಕ್ಕೆ ವಿಶ್ವದ ಮೊದಲ ಐವರಲ್ಲಿ ಒಬ್ಬ, 2008 ಮತ್ತು 2009ರ ಏಳು ಪಂದ್ಯಗಳ ಫಲಿತಾಂಶವನ್ನು ಬಾಜಿದಾರರಿಗಾಗಿ ಬದಲಿಸಿದನೆಂದು ವಿಚಾರಣೆಯಲ್ಲಿ ಸಾಬೀತಾಗಿ 2013ರಲ್ಲಿ 12 ವರ್ಷದ ನಿಷೇಧಕ್ಕೆ ಗುರಿಯಾದ. ಅವುಗಳಲ್ಲಿ ಕೆಲವು ಮಾಲ್ಟಾ ಕಪ್ಪಿನ ಗುಂಪು ಪಂದ್ಯಗಳು.

ಲೀಯನ್ನು ಬೈಯುವುದು ಸುಲಭ. ದುಡ್ಡು ತೆಗೆದುಕೊಳ್ಳದೆ, ಒಳ್ಳೆಯ ಮನಸ್ಸಿನಿಂದ ಸೋತವನ ಕಥೆ ಹೇಳುತ್ತೇನೆ. ಅದು ನನ್ನದೇ.

ಬಹಳ ವರ್ಷದ ಹಿಂದಿನ ಮಾತು. ನಮ್ಮ ಕೂಟದ ರಾಜ್ಯೋತ್ಸವದ ದಿನ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ಕೇರಂ ಪಂದ್ಯ. ಸ್ನೂಕರ್ ಮೇಜು ನಮಗೆಲ್ಲಿಂದ ಬರಬೇಕು. ಬಡವರ ಸ್ನೂಕರ್ ಕೇರಂ. ಮೂರು ಮೂರು ಜನರ ಗುಂಪು, ಇಬ್ಬರು ಮುಂದಕ್ಕೆ. ಗೆಲುವು ಸಮವಾದರೆ ಅಂಕಗಳ ಅಂತರ ನೋಡುವುದು. ನನ್ನ ಗುಂಪಿನಲ್ಲಿ ಒಬ್ಬರು ಹಿರಿಯರು, ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರು. ತಲೆಗೆ ಮಂಕಿ ಟೋಪಿ, ಅಳಿಯನ ಜಾಕೆಟ್ಟು, ಊರಿನ ಕ್ಲಬ್ಬಿನಲ್ಲಿ ದಿನಾ ಸಂಜೆ ಆಡಿದ ಬೆರಳು. ಇನ್ನೊಬ್ಬ ನಮ್ಮ ಸ್ನೇಹಿತರ ಮಗ, ಹದಿಮೂರರ ಹುಡುಗ. ನಾನು ಹಿರಿಯರನ್ನು 25–4ರಲ್ಲಿ ಸೋಲಿಸಿದೆ. ಅವರ ಕೈಗೆ ಇಲ್ಲಿನ ಬೋರ್ಡು ಇನ್ನೂ ಹೊಂದಿರಲಿಲ್ಲ. ಹೊಂದಿದ ಮೇಲೆ ಅವರು ಹುಡುಗನನ್ನು 25–22ರಲ್ಲಿ ಸೋಲಿಸಿದರು. ಉಳಿದದ್ದು ನನ್ನ ಮತ್ತು ಹುಡುಗನ ಆಟ. ನಾನು ಲೆಕ್ಕ ಹಾಕಿದೆ (ಇಂಜಿನಿಯರ್ ಬುದ್ಧಿ): ಗೆದ್ದರೂ ಸೋತರೂ ನನ್ನ ಅಂತರಕ್ಕೆ ಭಯವಿಲ್ಲ, ನಾನು ಮುಂದಕ್ಕೆ. ನಾನು ಗೆದ್ದರೆ ಜೊತೆಗೆ ಹಿರಿಯರು. ಸೋತರೆ ಜೊತೆಗೆ ಹುಡುಗ.

ಹುಡುಗನ ಮುಖ ಬಾಡಿತ್ತು. ಅವನ ತಾಯಿ ಪಕ್ಕದಲ್ಲೇ ಪುಳಿಯೋಗರೆ ಬಡಿಸುತ್ತ ಮತ್ತೆ ಮತ್ತೆ ಈ ಕಡೆ ನೋಡುತ್ತಿದ್ದರು. ಆ ವರ್ಷ ಶಾಲೆಯಲ್ಲಿ ಅವನಿಗೆ ಏನೇನೋ ಕಷ್ಟ ಎಂದು ಕೇಳಿದ್ದೆ. ನಾನು ಒಂದೆರಡು ಸುಲಭದ ಕಾಯಿ ಬಿಟ್ಟೆ. ಕೊನೆಯ ಬೋರ್ಡಿನಲ್ಲಿ ರಾಣಿ ಬಲಗಡೆಯ ತೂತಿನ ಬಾಯಲ್ಲೇ ಕೂತಿತ್ತು, ಅದನ್ನೂ ಬಿಟ್ಟೆ. 25–19. ಹುಡುಗ ಕುಣಿದ, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ದೊಡ್ಡ ಮನುಷ್ಯನ ಹಾಗೆ ಅವನ ಬೆನ್ನು ತಟ್ಟಿದೆ. ಹಿರಿಯರು ನನ್ನ ಭುಜದ ಹಿಂದೆಯೇ ನಿಂತಿದ್ದರಂತೆ. "ರಾಣಿ ಬೀಳ್ತಿತ್ತಲ್ಲ ಸ್ವಾಮಿ," ಅಂದರು. ಅಷ್ಟೇ. ಟೋಪಿ ಸರಿಮಾಡಿಕೊಂಡು ಹೋಗಿ ಹೆಂಗಸರ ಹಾಡು ಕೇಳುತ್ತ ಕೂತರು. ಸಂಕ್ರಾಂತಿಯ ಹೊತ್ತಿಗೆ ಊರಿಗೆ ವಾಪಸಾದರು.

ಮೂವರಲ್ಲಿ ಇಬ್ಬರು ಮುಂದಕ್ಕೆ ಎಂದು ಗುಂಪು ಮಾಡಿ ಕಾಗದದಲ್ಲಿ ಬರೆದು ಅಂಟಿಸಿದವನು ಯಾರು ಎಂದಿರಾ? ಅದೂ ನಾನೇ. ಬ್ಯಾಡ್ಜ್ ಕೂಡ ಹಾಕಿಕೊಂಡಿದ್ದೆ.

ಮಕ್ಕಳ ಜೊತೆ ಆಡುವಾಗ ಸೋಲುವುದು ತಪ್ಪೇ ಎಂದು ನೀವು ಕೇಳಬಹುದು. ಮನೆಯಲ್ಲಿ ಮೊಮ್ಮಗನೊಡನೆ ಚೌಕಾಬಾರ ಆಡಿ ಸೋಲದ ಅಜ್ಜ ಅಜ್ಜನೇ ಅಲ್ಲ. ಅಲ್ಲಿ ನಾನು ಕೊಡುವುದು ನನ್ನ ಗೆಲುವನ್ನು. ಅಂದು ನಾನು ಕೊಟ್ಟದ್ದು ನನ್ನದಲ್ಲ, ಹಿಂದೆ ನಿಂತವರದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಕರುಣೆಯ ಹೆಸರಿನಲ್ಲಿ ನಡೆದ ಎಷ್ಟೋ ಸಂಗತಿ ಈ ಜಾತಿಯದೇ ಎಂದು ಆಮೇಲೆ ಅನ್ನಿಸಿದೆ: ಗೊತ್ತಿರುವ ಹುಡುಗನಿಗೆ ಆಫೀಸಿನಲ್ಲಿ ಒಂದು ಕೆಲಸ ಹೇಳಿಸುವುದು, ನಾಟಕದಲ್ಲಿ ಸ್ನೇಹಿತರ ಮಗಳಿಗೆ ಪಾತ್ರ ಕೊಡಿಸುವುದು. ಎದುರಿಗಿರುವ ಮುಖ ಕಾಣುತ್ತದೆ, ಸಾಲಿನಲ್ಲಿ ಹಿಂದೆ ನಿಂತವನ ಮುಖ ಕಾಣುವುದಿಲ್ಲ.

ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಗೀತೆಯ ಪ್ರವಚನ ಕೇಳುವಾಗಲೆಲ್ಲ ನನಗೆ ಆ ಕೇರಂ ಬೋರ್ಡು ನೆನಪಾಗುತ್ತದೆ. ಫಲದ ಆಸೆ ಬಿಟ್ಟು ಕರ್ಮ ಮಾಡು ಎನ್ನುವುದನ್ನು ಎಷ್ಟು ಸಲ ತಲೆಯಾಡಿಸುತ್ತ ಕೇಳಿದ್ದೇವೆ! ಫಲದ ಆಸೆ ಬಿಡುವುದು ಕಷ್ಟ ಎಂದೇ ನಾನು ತಿಳಿದಿದ್ದೆ. ಗುಂಪಿನ ಕೊನೆಯ ಆಟದಲ್ಲಿ ಆಸೆ ಬಿಡುವ ಕಷ್ಟವೇ ಇಲ್ಲ. ಫಲ ಆಗಲೇ ನಿರ್ಧಾರವಾಗಿ ಪಕ್ಕಕ್ಕೆ ಹೋಗಿದೆ, ಉಳಿದದ್ದು ಬರೀ ಕರ್ಮ. ಅರ್ಜುನನಿಗೂ ಸಿಗದ ಸೌಲಭ್ಯ. ಆ ಸೌಲಭ್ಯ ಸಿಕ್ಕಾಗ ನಾನು ಮಾಡಿದ್ದು ಬೆರಳು ಸಡಿಲ ಬಿಟ್ಟದ್ದು. ಖಾಲಿ ಸಭಾಂಗಣದಲ್ಲಿ, ತಾನು ಆಗಲೇ ಹೊರಬಿದ್ದ ಪಂದ್ಯಾವಳಿಯಲ್ಲಿ, ಒಂದು ಕೆಂಪು ಚೆಂಡಿನ ಸುತ್ತ ಮೂರು ಸಲ ನಡೆದು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುವವನನ್ನು ಕಂಡರೆ ನನಗೆ ಅದಕ್ಕೇ ಅಷ್ಟು ಗೌರವ. ಫ್ರೇಮಿನ ದುಡ್ಡಿಗಾಗಿಯೇ ಹಾಗೆ ಮಾಡುತ್ತಾನೆ ಎನ್ನುತ್ತೀರಾ? ಇರಬಹುದು. ನನಗೆ ಹಾಗೆ ಅನ್ನಿಸಲಿಲ್ಲ.

ಹಿರಿಯರು ತೀರಿಕೊಂಡು ಹಲವು ವರ್ಷಗಳಾದವು. ಮಗಳ ಬಾಯಿಂದ ಸುದ್ದಿ ತಿಳಿಯಿತು. ಅವರಲ್ಲಿ ಕ್ಷಮೆ ಕೇಳುವ ಅವಕಾಶ ಮುಗಿಯಿತು. ಉಳಿದವನು ಹುಡುಗ. ಈಗ ಅವನಿಗೇ ಸಂಸಾರವಿದೆ, ಒಳ್ಳೆಯ ಕೆಲಸವಿದೆ. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಾಗ ತನ್ನ ಹೆಂಡತಿಗೆ ನನ್ನ ಪರಿಚಯ ಮಾಡಿಸಿದ್ದು ಹೀಗೆ: "ಇವರನ್ನೇ ನಾನು ಕೇರಂನಲ್ಲಿ ಸೋಲಿಸಿದ್ದು. ಆ ದಿನದಿಂದಲೇ ನನಗೆ ಧೈರ್ಯ ಬಂದದ್ದು." ನಾನು ನಕ್ಕೆ. ಹೇಳಿದರೆ ಅವನ ಧೈರ್ಯದ ಬುಡಕ್ಕೇ ಕೈ ಹಾಕಿದಂತೆ. ಹೇಳದಿದ್ದರೆ ರೆಫರಿಗೆ ಕಾಣದ ಫೌಲನ್ನು ಇನ್ನೂ ಕೈಯೆತ್ತದೆ ಇಟ್ಟುಕೊಂಡಂತೆ. ಈ ಹಾಳೆ ಅವನ ಮನೆಗೂ ಹೋಗುತ್ತದೆ, ಅವನು ಕನ್ನಡ ಓದಲಾರ, ಆದರೆ ಅವನ ತಾಯಿ ಓದುತ್ತಾರೆ.

ದೀಪಾವಳಿಗೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತೇನೆ ಎಂದಿದ್ದಾನೆ. ಹಳೆಯ ಬೋರ್ಡು ಬೇಸ್‌ಮೆಂಟಿನಲ್ಲಿದೆ, ಕಾಯಿಗಳೆಲ್ಲ ಇವೆ. ಪೌಡರು ಮಾತ್ರ ತರಿಸಬೇಕು.