ಮಂದಗತಿ ಮತ್ತು ಮೌನ

ತನ್ನ ಶಕ್ತಿಯು ಕುಂದಿದಾಗ ಹೆಜ್ಜೆಯನ್ನು ಸಣ್ಣದು ಮಾಡಿಕೊಳ್ಳುವದು ತಪ್ಪೇ? ತಪ್ಪಲ್ಲವೆಂದು ಎಲ್ಲರೂ ಒಪ್ಪುವರು. ಆದರೆ ಶಕ್ತಿ ಕುಂದಿದ ಸಂಗತಿಯನ್ನು ಸಂಗಡಿಗರಿಗೆ ತಿಳಿಸದೆ, ಹೆಜ್ಜೆಯನ್ನು ಮಾತ್ರ ಸಣ್ಣದು ಮಾಡಿಕೊಂಡು ಸುಮ್ಮನಿರುವದು ಸರಿಯೇ? ಇದಕ್ಕೆ ಉತ್ತರವು ಅಷ್ಟು ಸುಲಭವಲ್ಲ. ನೀತಿಶಾಸ್ತ್ರದ ಈ ಹಳೆಯ ಪ್ರಶ್ನೆಯು ಇಂದು ನಮ್ಮ ಮನೆಗಳಿಗೆ ಹೊಸದೊಂದು ದಾರಿಯಿಂದ, ಲ್ಯಾಪ್‌ಟಾಪ್ ಎಂಬ ಯಂತ್ರದ ಮೂಲಕ, ಬಂದು ನಿಂತಿದೆ.

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಬಿಜ್ಜರಗಿಯಂಥ ಒಂದು ಊರನ್ನು ವಾಚಕರು ನೆನೆಯಲಿ. ಕಾಲೇಜಿಗೆ ಹೋಗುವ ಮಗಳ ಪಾಠ, ದ್ರಾಕ್ಷಿತೋಟದ ಲೆಕ್ಕ, ಅರ್ಜಿಗಳು, ಪತ್ರಗಳು, ಎಲ್ಲವೂ ಮನೆಯ ಒಂದೇ ಯಂತ್ರದಲ್ಲಿ ನಡೆಯುತ್ತವೆ. ಮೂರು ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಬ್ಯಾಟರಿಯು ಸೊರಗುತ್ತದೆ. ಆಮೇಲೆ ಒಂದು ದಿನ, ಚಾರ್ಜರನ್ನು ಹಚ್ಚಿದ್ದರೂ, ಯಂತ್ರವು ಆಮೆಯ ನಡೆಗೆ ಇಳಿಯುತ್ತದೆ. ಮನೆಯವರು ‘ವೈರಸ್ ಹೊಕ್ಕಿದೆ’ ಎನ್ನುವರು. ನೆರೆಯವರು ‘ಹಳೆಯದಾಯಿತು, ಮಾರಿಬಿಡಿರಿ’ ಎನ್ನುವರು. ಬ್ಯಾಟರಿಗೂ ಈ ನಿಧಾನಕ್ಕೂ ಸಂಬಂಧವುಂಟೆಂದು ಯಾರಿಗೂ ಹೊಳೆಯುವದಿಲ್ಲ. ಯಂತ್ರವೂ ಅದನ್ನು ಹೇಳುವದಿಲ್ಲ.

ಸಂಬಂಧವಾದರೋ ಸ್ಪಷ್ಟವಾಗಿಯೇ ಇದೆ. ಲಿಥಿಯಂ-ಅಯಾನ್ ಬ್ಯಾಟರಿಯು ಪೇಟೆಗೆ ಬಂದದ್ದು 1991ರಲ್ಲಿ; ಅದಕ್ಕೆ ಅಡಿಪಾಯ ಹಾಕಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೋಬೆಲ್ ಪಾರಿತೋಷಕವು ದೊರೆಯಿತು. ಇಷ್ಟು ಗೌರವಾರ್ಹವಾದ ವಸ್ತುವಿಗೂ ಮುಪ್ಪು ತಪ್ಪಿಲ್ಲ. ವರ್ಷ ಕಳೆದಂತೆ ಅದರ ಒಳಗಿನ ತಡೆಯು ಹೆಚ್ಚುತ್ತದೆ; 40 ಡಿಗ್ರಿಯನ್ನು ದಾಟುವ ನಮ್ಮ ಬಿಸಿಲು ಆ ಮುಪ್ಪನ್ನು ಇನ್ನೂ ಬೇಗ ತರುತ್ತದೆ. ಯಂತ್ರವು ಒಮ್ಮೆಲೇ ಹೆಚ್ಚು ಶಕ್ತಿಯನ್ನು ಬೇಡಿದರೆ ಮುಪ್ಪಡರಿದ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ. ಕೆಲಸದ ನಡುವೆಯೇ ಯಂತ್ರವು ಆರಿಹೋಗಬಹುದು. ಇದನ್ನು ತಪ್ಪಿಸುವದಕ್ಕಾಗಿ ಅನೇಕ ಯಂತ್ರಗಳಲ್ಲಿ ಒಂದು ಕಡಿವಾಣವನ್ನು ಇಟ್ಟಿರುತ್ತಾರೆ. ಬ್ಯಾಟರಿಯು ಕೈಗೊಡುವಂತಿದ್ದರೆ, ಅಥವಾ ಚಾರ್ಜರು ತನ್ನದೇ ಎಂದು ಯಂತ್ರಕ್ಕೆ ಗುರುತು ಸಿಕ್ಕದಿದ್ದರೆ, ಸೆಕೆಂಡಿಗೆ ಮುನ್ನೂರು ಕೋಟಿ ಸಾರೆ ಮಿಡಿಯಬಲ್ಲ ಪ್ರೊಸೆಸರು ನಾಲ್ವತ್ತು ಕೋಟಿಗೋ ಎಂಬತ್ತು ಕೋಟಿಗೋ ಇಳಿದು ನಿಲ್ಲುತ್ತದೆ. ಪ್ರೊಸೆಸರಿಗೆ ಯಾವ ರೋಗವೂ ಇಲ್ಲ. ಇನ್ನೊಂದು ಅಂಗದ ದೌರ್ಬಲ್ಯಕ್ಕಾಗಿ ಅದು ತನ್ನ ವೇಗವನ್ನು ಬಿಟ್ಟುಕೊಟ್ಟಿದೆ.

ಆದುದರಿಂದ ಬಯ್ಯುವ ಮೊದಲು ಪರೀಕ್ಷಿಸಬೇಕು. ಪ್ರೊಸೆಸರಿನ ಮಿಡಿತವು ಎಷ್ಟಿದೆಯೆಂಬದನ್ನು ಯಂತ್ರವೇ ತೋರಿಸುತ್ತದೆ. ಕೆಲಸವಿದ್ದಾಗಲೂ ಅದು ಮೇಲೇಳದಿದ್ದರೆ ಕಡಿವಾಣವು ಬಿದ್ದಿದೆಯೆಂದು ತಿಳಿಯಬೇಕು. ವಿಂಡೋಸ್ ಯಂತ್ರವು ಕೇಳಿದರೆ ಬ್ಯಾಟರಿಯ ವರದಿಯನ್ನು ಬರೆದುಕೊಡುತ್ತದೆ. ಅದು ಹೊಸತಿದ್ದಾಗ ಹಿಡಿಯುತ್ತಿದ್ದದ್ದೆಷ್ಟು, ಈಗ ಹಿಡಿಯುವದೆಷ್ಟು ಎಂಬೆರಡು ಅಂಕಿಗಳನ್ನು ಹೋಲಿಸಿದರೆ ಮುಪ್ಪಿನ ಅಳತೆ ಸಿಗುತ್ತದೆ. ಮೂಲದ ಚಾರ್ಜರನ್ನೇ ಹಚ್ಚಿ ನೋಡಬೇಕು. ಶಕ್ತಿಯನ್ನು ಉಳಿಸುವ ಏರ್ಪಾಡು ಜಾರಿಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗಾಳಿಯ ದಾರಿಯಲ್ಲಿ ಧೂಳು ತುಂಬಿದ್ದರೆ ತೆಗೆಯಿಸಬೇಕು. ಬ್ಯಾಟರಿಯು ಉಬ್ಬಿಕೊಂಡಿದ್ದರೆ ಮಾತ್ರ ಯಂತ್ರವನ್ನು ಆರಿಸಿ, ಒತ್ತದೆ, ಚುಚ್ಚದೆ, ಬಲ್ಲವರ ಕೈಗೆ ಕೊಡಬೇಕು. ಅದು ಬೆಂಕಿಯ ಭಯವಿರುವ ವಸ್ತು.

ಇಲ್ಲಿಯವರೆಗೆ ಯಂತ್ರದ ನಡತೆಯಲ್ಲಿ ದೋಷವೇನೂ ಕಾಣದು. ನಮ್ಮ ಎರೆಭೂಮಿಯ ಒಕ್ಕಲಿಗನು ಇದನ್ನು ಬಲ್ಲನು. ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಬಡಕಲಾಗಿದ್ದರೆ, ಅದರ ಕಡೆಯ ತೋಳು ಉದ್ದವಾಗುವಂತೆ ನೊಗದ ಕಟ್ಟನ್ನು ಅವನು ಸರಿಸುವನು. ಬಲವಾದದ್ದು ಹೆಚ್ಚು ಭಾರವನ್ನು ಹೊರುವದು, ಆದರೂ ಜೋಡಿಯ ನಡಿಗೆ ಬಡಕಲಿನ ಹೆಜ್ಜೆಗೇ ಹೊಂದಿಕೊಳ್ಳುವದು. ದಾರಿಹೋಕನು ಬಲವಾದ ಎತ್ತನ್ನು ಸೋಮಾರಿಯೆಂದು ಕರೆದರೆ ತಪ್ಪು ಅವನ ನೋಟದ್ದು. ನಿಧಾನವು ಎಲ್ಲಿ ಕಾಣುತ್ತದೆಯೋ ಅಲ್ಲಿಯೇ ಅದರ ಕಾರಣವಿರಬೇಕೆಂಬ ನಿಯಮವಿಲ್ಲ.

ಕಡಿವಾಣವನ್ನು ಕಿತ್ತೆಸೆಯುವ ಉಪಾಯವೂ ಉಂಟು. ಹೊರಗಿನಿಂದ ಬರುವ ಎಚ್ಚರಿಕೆಯ ಸಂಕೇತವನ್ನು ಪ್ರೊಸೆಸರು ಲಕ್ಷಿಸದಂತೆ ಮಾಡುವ ಸಣ್ಣ ತಂತ್ರಾಂಶಗಳು ದೊರೆಯುತ್ತವೆ. ಒಂದು ಗುಂಡಿಯನ್ನೊತ್ತಿದರೆ ಯಂತ್ರವು ಮತ್ತೆ ಓಡುತ್ತದೆ. ಸಂಕೇತವೇ ಸುಳ್ಳಾಗಿದ್ದು, ಉಳಿದ ಅಂಗಗಳೆಲ್ಲ ನೆಟ್ಟಗಿದ್ದರೆ, ಪರೀಕ್ಷೆಯ ಬಳಿಕ ಇದನ್ನು ಮಾಡುವದರಲ್ಲಿ ಅನ್ಯಾಯವಿಲ್ಲ. ಪರೀಕ್ಷೆಯಿಲ್ಲದೆ ಮಾಡುವದೆಂದರೆ ಅಳುವ ಮಗುವಿನ ಬಾಯನ್ನು ಮುಚ್ಚಿ, ಹೊಟ್ಟೆನೋವು ಹೋಯಿತೆಂದು ಸಮಾಧಾನಪಟ್ಟಂತೆ.

ಇನ್ನು ಮೌನದ ಮಾತು. ಇದಕ್ಕೆ ಜಗತ್ಪ್ರಸಿದ್ಧವಾದ ಒಂದು ಉದಾಹರಣೆಯುಂಟು. ಅದು ಲ್ಯಾಪ್‌ಟಾಪಿನದಲ್ಲ, ಅದರ ತಮ್ಮನಾದ ಕೈಫೋನಿನದು. ಆ್ಯಪಲ್ ಸಂಸ್ಥೆಯು 2017ರ ಜನವರಿಯಲ್ಲಿ ತನ್ನ ಐಫೋನುಗಳಿಗೆ ಒಂದು ಹೊಸ ತಂತ್ರಾಂಶವನ್ನು ಕಳಿಸಿತು. ಬ್ಯಾಟರಿಗೆ ಮುಪ್ಪು ಬಂದ ಕೆಲವು ಮಾದರಿಯ ಫೋನುಗಳು ತಟ್ಟನೆ ಆರಿಹೋಗದಿರಲೆಂದು ಅವುಗಳ ವೇಗವನ್ನು ಅದು ತಗ್ಗಿಸುತ್ತಿತ್ತು. ಉದ್ದೇಶವು ರಕ್ಷಣೆಯದೇ, ಆದರೆ ಬಳಸುವವರಿಗೆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಹೊರಗಿನವರೊಬ್ಬರು ಫೋನುಗಳ ವೇಗವನ್ನು ಅಳೆದು ಪ್ರಕಟಿಸಿದ ಮೇಲೆ ಸಂಸ್ಥೆಯು ಒಪ್ಪಿಕೊಂಡಿತು, ಕ್ಷಮೆ ಬೇಡಿತು, 79 ಡಾಲರಿನ ಬ್ಯಾಟರಿ ಬದಲಾವಣೆಯನ್ನು 29 ಡಾಲರಿಗೆ ಇಳಿಸಿತು. ಬ್ಯಾಟರಿಯ ಸ್ಥಿತಿಯನ್ನು ತೋರಿಸುವ, ಬೇಡವಾದರೆ ಕಡಿವಾಣವನ್ನು ತೆಗೆಯಬಹುದಾದ ಏರ್ಪಾಡು 2018ರಲ್ಲಿ ಬಂದಿತು. ಫ್ರಾನ್ಸಿನ ಅಧಿಕಾರಿಗಳು 2020ರ ಫೆಬ್ರುವರಿಯಲ್ಲಿ ಎರಡೂವರೆ ಕೋಟಿ ಯುರೋ ದಂಡವನ್ನು ವಿಧಿಸಿದರು. ಈ ದಂಡವು ವೇಗವನ್ನು ತಗ್ಗಿಸಿದ್ದಕ್ಕಲ್ಲ, ತಗ್ಗಬಹುದೆಂಬದನ್ನು ಹೇಳದಿದ್ದದ್ದಕ್ಕೆ.

ಈ ಭೇದವೇ ನಮ್ಮ ಪ್ರಶ್ನೆಯ ತಿರುಳು. ‘ಜನಸಾಮಾನ್ಯರಿಗೆ ವೋಲ್ಟೇಜಿನ ಮಾತು ತಿಳಿಯುವದೆಂತು? ಹೇಳಿ ಗಾಬರಿಗೊಳಿಸುವದಕ್ಕಿಂತ ಸುಮ್ಮನೆ ಕಾಪಾಡುವದೇ ಮೇಲಲ್ಲವೇ?’ ಎಂದು ಕೆಲವರು ಕೇಳಬಹುದು. ಈ ಆಕ್ಷೇಪವು ತಳ್ಳಿಹಾಕುವಂಥದಲ್ಲ. ಆದರೆ ಮೌನದಿಂದ ಕಾಪಾಡಿದವನು ಇನ್ನೊಬ್ಬನ ಆಯ್ಕೆಯನ್ನು ಕಸಿದುಕೊಳ್ಳುತ್ತಾನೆ. ಕಾರಣ ತಿಳಿದವನು ಕೆಲವು ಸಾವಿರ ರೂಪಾಯಿಗಳಲ್ಲಿ ಬ್ಯಾಟರಿಯನ್ನು ಬದಲಿಸಿ ಅದೇ ಯಂತ್ರದಲ್ಲಿ ಇನ್ನೂ ಕೆಲವು ವರ್ಷ ಕಳೆಯುವನು. ತಿಳಿಯದವನು ಯಂತ್ರವೇ ಸತ್ತಿತೆಂದು ಸಾಲ ಮಾಡಿ ಹೊಸದನ್ನು ಕೊಳ್ಳುವನು. ಕಾಪಾಡಬಂದ ಮೌನವು ಬಡವನ ಗಂಟಿಗೇ ಕೈಹಾಕಿದಂತಾಯಿತು. ತಿಳಿಯದ ಮಾತನ್ನು ತಿಳಿಯುವಂತೆ ಹೇಳುವದು ಬಲ್ಲವನ ಕರ್ತವ್ಯ. ‘ನಿಮ್ಮ ಬ್ಯಾಟರಿ ಸೊರಗಿದೆ, ಆದಕಾರಣ ನಿಧಾನವಾಗಿದ್ದೇನೆ’ ಎಂಬಷ್ಟು ವಾಕ್ಯವು ಯಾರಿಗೆ ತಿಳಿಯದು? ಇತ್ತ ಸರಕಾರಗಳೂ ಎಚ್ಚರಗೊಂಡಿವೆ. ಭಾರತ ಸರಕಾರವು ದುರಸ್ತಿಯ ಹಕ್ಕಿಗಾಗಿ 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನು ತೆರೆಯಿತು. ಯುರೋಪದ ಒಕ್ಕೂಟವು 2023ರಲ್ಲಿ ಮಾಡಿದ ಕಾನೂನು ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕುವಂತಿರಬೇಕೆಂದು ಹೇಳುತ್ತದೆ.

ಯಂತ್ರಕ್ಕೆ ಸಲ್ಲುವ ಈ ಮಾತು ಮನುಷ್ಯರಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಮನೆಯ ತಾಯಿಯು ನೋವನ್ನು ನುಂಗಿ ನಿಧಾನವಾಗಿ ನಡೆಯುವಳು. ಕಣ್ಣು ಮಂಜಾದ ಹಿರಿಯನು ಲೆಕ್ಕದ ಪುಸ್ತಕವನ್ನು ದೂರ ಸರಿಸುವನು. ರಾತ್ರಿ ಹೊಲಕ್ಕೆ ನೀರು ಹಾಯಿಸಿ ಬಂದ ಹುಡುಗನು ತರಗತಿಯಲ್ಲಿ ತೂಕಡಿಸುವನು. ಯಾರೂ ಕಾರಣವನ್ನು ಹೇಳುವದಿಲ್ಲ. ನಾವು ಆಲಸ್ಯವೆಂದೋ ಮುನಿಸೆಂದೋ ಹೆಸರಿಡುವೆವು. ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ಕಾಲವಾದ ಸಿದ್ಧೇಶ್ವರ ಸ್ವಾಮಿಗಳು ತಮ್ಮ ಅಂತ್ಯದ ವಿಷಯವನ್ನು 2014ರಲ್ಲಿಯೇ ಬರೆದಿಟ್ಟಿದ್ದರು: ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕವನ್ನು ಕಟ್ಟಬಾರದು. ಹಿಂದೆ ಉಳಿಯುವವರು ಊಹೆಯಲ್ಲಿ ತೊಳಲಾಡದಿರಲೆಂದು ಮೊದಲೇ ಹೇಳಿಡುವದು ಕೂಡ ಒಂದು ದಯೆಯೇ.

ಆದರೆ ಮೌನದ ಹೊಣೆಯೆಲ್ಲ ಮೌನಿಯದೇ ಎನ್ನುವದು ನ್ಯಾಯವಲ್ಲ. ‘ನನಗೆ ಆಗುತ್ತಿಲ್ಲ’ ಎಂದವನಿಗೆ ನಾವು ಏನು ಕೊಟ್ಟಿದ್ದೇವೆ? ಸೊಸೆಗೆ ಕೊಂಕು, ಕೂಲಿಗೆ ಕಡಿತ, ವಿದ್ಯಾರ್ಥಿಗೆ ಹಿಂದಿನ ಬೆಂಚು. ದೌರ್ಬಲ್ಯವನ್ನು ಹೇಳಿಕೊಂಡವನಿಗೆ ದಂಡ, ಮುಚ್ಚಿಟ್ಟವನಿಗೆ ಮಾನ ಎಂಬ ಮನೆಯಲ್ಲಿ ಸತ್ಯವು ಬಾಯಿಬಿಡುವದಿಲ್ಲ. ಹೇಳುವದು ನಿಧಾನವಾದವನ ಧರ್ಮವಾದರೆ, ಹೇಳಿದ್ದನ್ನು ತಾಳ್ಮೆಯಿಂದ ಕೇಳಿ ನೊಗದ ಕಟ್ಟನ್ನು ಸರಿಸುವದು ಜತೆಗಾರನ ಧರ್ಮ. ಯಂತ್ರವನ್ನು ಪರೀಕ್ಷಿಸುವಾಗ ನಾವು ತೋರುವ ಸಾವಧಾನದಲ್ಲಿ ಅರ್ಧದಷ್ಟನ್ನು ಮನೆಯವರಿಗೂ ತೋರಿದರೆ, ಎಷ್ಟೋ ಮಂದಗತಿಗಳ ಕಾರಣವು ಕೇಳದೆಯೇ ತಿಳಿದೀತು.