ಯಾರ ಅಮಾನತು?

ಪತ್ರಿಕೆ ತೆರೆದರೆ 'ಅಧಿಕಾರಿ ಅಮಾನತು' ಎಂಬ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಉರ್ದು ಶಾಲೆಯ ಬೆಂಚಿನ ಮೇಲೆ ಕೂತು ಬಂದ ನಮ್ಮಂಥವರಿಗೆ ಈ ಪದ ಕೊಂಚ ವಿಚಿತ್ರವಾಗಿ ಕೇಳಿಸುತ್ತದೆ. ನಾವು ಕಲಿತ 'ಅಮಾನತ್' ಎಂದರೆ ಒಬ್ಬರು ನಂಬಿ ನಮ್ಮ ಬಳಿ ಇಟ್ಟುಹೋದ ವಸ್ತು. ಅದು ನಮ್ಮದಲ್ಲ. ಕೇಳಿದ ದಿನ ಇದ್ದ ಹಾಗೆಯೇ ಹಿಂತಿರುಗಿಸಬೇಕು. ಅದೇ ಪದ ಕನ್ನಡದ ಕಚೇರಿಗೆ ಬಂದು, ನೌಕರನನ್ನು ಕುರ್ಚಿಯಿಂದ ಎಬ್ಬಿಸುವ ಆದೇಶವಾಯಿತು. 'ನಿಯತ್ತು' ಎಂಬ ಪದದ ಕತೆಯೂ ಹೀಗೆಯೇ. ಮೂಲದಲ್ಲಿ ಅದು ಮನಸ್ಸಿನೊಳಗಿನ ಉದ್ದೇಶ. ನಮ್ಮ ಹಳ್ಳಿಗಳಲ್ಲಿ ಅದು ಅನ್ನ ಹಾಕಿದವರಿಗೆ ತೋರುವ ನಿಷ್ಠೆ; ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ ಎಂದು ಬೈಯುವುದು ಆ ಅರ್ಥದಲ್ಲೇ.

ಪದಗಳು ಊರು ಬಿಟ್ಟು ಊರಿಗೆ ಹೋದಾಗ ಅರ್ಥ ಬದಲಿಸುವುದು ಸಹಜ, ಅದಕ್ಕೆ ತಕರಾರಿಲ್ಲ. ಆದರೆ ಕೆಲಸದ ಜಾಗದಲ್ಲಿನ ಪ್ರಾಮಾಣಿಕತೆಯ ಬಗ್ಗೆ ಯೋಚಿಸುವಾಗ ಈ ಎರಡು ಪದಗಳ ನಡುವೆಯೇ ನಾವು ಸಿಕ್ಕಿಕೊಳ್ಳುತ್ತೇವೆ. ನಿಯತ್ತು ಕಣ್ಣೆದುರು ಇರುವವರಿಗೆ ಸಲ್ಲುತ್ತದೆ: ಮೇಲಧಿಕಾರಿಗೆ, ಮಾಲೀಕನಿಗೆ, ಸಂಬಳ ಕೊಡುವವರಿಗೆ. ಅಮಾನತ್ ಕಣ್ಣೆದುರು ಇಲ್ಲದವರಿಗೆ ಸಲ್ಲಬೇಕಾದದ್ದು. ಅದನ್ನು ಇಟ್ಟವರು ಊರಲ್ಲಿಲ್ಲ, ಅವರು ಬಂದು ಕೇಳುವ ತನಕ ಕಾಯುವುದೇ ಅದರ ಕಷ್ಟ. ಹುದ್ದೆ ಎಂಬುದು ಇವೆರಡರಲ್ಲಿ ಯಾವುದು?

ಹುಣಸೂರಿನಿಂದ ನಾಗರಹೊಳೆಗೆ ಹೋಗುವ ದಾರಿಯಲ್ಲಿ ವೀರನಹೊಸಹಳ್ಳಿ ಇದೆ. ಊರು ಮುಗಿದಲ್ಲಿ ಕಾಡು, ಕಾಡಿನ ಬಾಯಿಗೆ ಅರಣ್ಯ ಇಲಾಖೆಯ ಗೇಟು. ಸಂಜೆ ಆರಕ್ಕೆ ಹಾಕಿದ ಗೇಟನ್ನು ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಇಂಥ ಯಾವುದೇ ಗೇಟನ್ನು ನೆನೆಯಿರಿ. ಅಲ್ಲಿ ನಿಂತಿರುವ ಕಾವಲುಗಾರನಿಗೆ ಸಂಬಳ ಕಡಿಮೆ, ಗೇಟಿನಾಚೆ ಹಾರ್ನ್ ಮಾಡುವ ಕಾರಿನವನಿಗೆ ಗುರುತು ಪರಿಚಯ ಜಾಸ್ತಿ. ಐದು ನಿಮಿಷದ ಮಾತು, ಒಂದು ಫೋನು, ನೂರರ ಎರಡು ನೋಟು. ಗೇಟು ಎತ್ತಿದರೆ ಖುಷಿಪಡುವವರೆಲ್ಲ ಎದುರಿಗೇ ಇದ್ದಾರೆ. ತೊಂದರೆಗೆ ಸಿಗುವವು ಕತ್ತಲಲ್ಲಿ ರಸ್ತೆ ದಾಟುವ ಜಿಂಕೆ, ಆನೆಮರಿ. ಅವು ದೂರು ಕೊಡಲು ಬರುವುದಿಲ್ಲ.

ಇದು ಸಣ್ಣ ಗೇಟಿನ ಮಾತಾಯಿತು. ದೊಡ್ಡ ಗೇಟನ್ನು ಎತ್ತಲು ಪೆನ್ನು ಸಾಕು. ವೀರನಹೊಸಹಳ್ಳಿಯಿಂದ ಒಳಗೆ ಹೋದರೆ ಮೂರ್ಕಲ್ಲು ಸಿಗುತ್ತದೆ. 1990ರ ದಶಕದಲ್ಲಿ ಅಲ್ಲಿನ ಅರಣ್ಯ ಕಟ್ಟಡಗಳನ್ನು ಸರ್ಕಾರ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಕಾಡು ಉಳಿಯಬೇಕೆಂದು ಆದಿವಾಸಿಗಳನ್ನು ಹೊರಗೆ ಕಳಿಸಿದ ಉದ್ಯಾನದೊಳಗೆ ಪ್ರವಾಸಿಗರಿಗೆ ಹೋಟೆಲು! ಆದಿವಾಸಿಗಳು ಹೋರಾಟಕ್ಕಿಳಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಕೇಂದ್ರದ ಪೂರ್ವಾನುಮತಿ ಇಲ್ಲದ ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೂ ವನ್ಯಜೀವಿ ಕಾಯ್ದೆಗೂ ವಿರುದ್ಧವೆಂದು 1997ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಇಂಥ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆದೇ ಮೇಲೇರುತ್ತದೆ. ಪ್ರತಿ ಮೇಜಿನಲ್ಲೂ ಸಹಿ ಬೀಳುತ್ತದೆ. ಆ ಸಹಿ ಹಾಕಿದವರೆಲ್ಲ ಲಂಚ ತಿಂದವರೇ ಆಗಿರಬೇಕಿಲ್ಲ, ಬರೀ ನಿಯತ್ತಿನವರಾಗಿದ್ದರೂ ಸಾಕು.

ಇದೇ ಕಾಡಿನಲ್ಲಿ ಬೇರೆ ಥರದವರೊಬ್ಬರು ದುಡಿದರು. ಕೊಡಗಿನ ಕೆ.ಎಂ. ಚಿಣ್ಣಪ್ಪ 1960ರ ದಶಕದಲ್ಲಿ ಇಲಾಖೆ ಸೇರಿ ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾದರು. ಕಳ್ಳಬೇಟೆಗಾರರನ್ನೂ ಮರಗಳ್ಳರನ್ನೂ ಎದುರುಹಾಕಿಕೊಂಡರು. ಕೊಲೆಯ ಸುಳ್ಳು ಆರೋಪ ಹೊತ್ತು ಜೈಲು ಕಂಡರು. 1992ರಲ್ಲಿ ಉದ್ರಿಕ್ತ ಗುಂಪುಗಳು ಕಾಡಿಗೇ ಬೆಂಕಿ ಇಟ್ಟವು. ಮರುವರ್ಷ ಅವರು ಸ್ವಯಂನಿವೃತ್ತಿ ಪಡೆದರು. 2024ರ ಫೆಬ್ರವರಿಯಲ್ಲಿ ತೀರಿಕೊಳ್ಳುವ ತನಕ ಕಾಡಿನ ಪರವಾಗಿ ಮಾತಾಡುತ್ತಲೇ ಇದ್ದರು. ಇಂದು ನಾಗರಹೊಳೆಯಲ್ಲಿ ಹುಲಿ ಕಂಡು ಸಂಭ್ರಮಿಸುವವರು ಅವರಂಥವರ ಋಣದಲ್ಲಿದ್ದಾರೆ.

ಇಲ್ಲಿಗೇ ನಿಲ್ಲಿಸಿದರೆ ಒಂದು ನೀತಿಕತೆಯಾಗುತ್ತದೆ. ಆದರೆ ಗೇಟಿಗೆ ಎರಡು ಬದಿ. ಅದೇ ಕಾನೂನನ್ನು ಅಷ್ಟೇ ಶುದ್ಧ ಕೈಯಿಂದ ಜಾರಿ ಮಾಡಿದಾಗಲೂ ಜೇನುಕುರುಬರ ಹಾಡಿಗಳು ಖಾಲಿಯಾದವು. ಅವರ ಅಜ್ಜ ಅಜ್ಜಿಯರ ಸಮಾಧಿಗಳು, ದೇವರ ತಾಣಗಳು ಗೇಟಿನ ಒಳಗೆ ಉಳಿದವು. ಮಕ್ಕಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಬೆಳೆದರು. ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿ ತಿಳಿಯಲು ಹೈಕೋರ್ಟು ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿ ಅಧ್ಯಕ್ಷರಾಗಿದ್ದರು. ಅವರು ಹಾಡಿ ಹಾಡಿ ಸುತ್ತಿ, 2014ರಲ್ಲಿ ಕೊಟ್ಟ ವರದಿಯಲ್ಲಿ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಬರೆದರು. 2025ರ ಜನವರಿಯಲ್ಲಿ ಅವರೂ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ, ತಾವು ಬಿಟ್ಟು ಹೊರಟಿದ್ದ ಕರಡಿಕಲ್ಲಿಗೆ ಜೇನುಕುರುಬ ಕುಟುಂಬಗಳು ಮರಳಿ ಬಂದು ಗುಡಿಸಲು ಹಾಕಿದವು.

ಚಿಣ್ಣಪ್ಪನವರನ್ನೂ ಅಸ್ಸಾದಿಯವರನ್ನೂ ಎದುರು ಬದುರು ನಿಲ್ಲಿಸಿ ಯಾರು ಗೆದ್ದರೆಂದು ಕೇಳುವುದು ತಪ್ಪಾದೀತು. ತಮ್ಮ ಹುದ್ದೆ, ಎದುರಿಗಿಲ್ಲದ ಯಾರದೋ ಅಮಾನತ್ ಎಂದು ಇಬ್ಬರೂ ತಿಳಿದಿದ್ದರು. ಒಬ್ಬರು ಬಾಯಿಲ್ಲದ ಪ್ರಾಣಿಗಳನ್ನು ನೆನೆದರು, ಇನ್ನೊಬ್ಬರು ಬಾಯಿದ್ದೂ ಯಾರೂ ಕೇಳಿಸಿಕೊಳ್ಳದ ಜನರನ್ನು. ನಮಗೆ ಅರ್ಥವಾಗುವುದಿಷ್ಟು: ಕೈ ಶುದ್ಧವಾಗಿದ್ದರೆ ಅರ್ಧ ಪ್ರಾಮಾಣಿಕತೆ. ಆ ಕೈ ಯಾರ ಕುತ್ತಿಗೆಯ ಮೇಲಿದೆ ಎಂದು ನೋಡಿಕೊಳ್ಳುವುದು ಇನ್ನರ್ಧ. ಲಂಚ ಮುಟ್ಟದ ಎಷ್ಟೋ ಜನ ಎರಡನೆಯ ಅರ್ಧವನ್ನು ಮೇಲಿನವರ ಕೆಲಸವೆಂದು ಬಿಟ್ಟಿರುತ್ತಾರೆ.

ಸಣ್ಣ ನೌಕರ ಏನು ಮಾಡಿಯಾನು ಎಂದು ಕೇಳಬಹುದು. ಅವನ ಕೈಯಲ್ಲಿರುವುದು ಸಣ್ಣದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಅದರ ನಿಯಮಗಳ ಪ್ರಕಾರ ಸಮಾಧಿ, ಬಾವಿ, ಪೂಜಾಸ್ಥಳಗಳೂ ಸಾಕ್ಷ್ಯ. ಹಿರಿಯರು ಹೇಳಿ ಬರೆಸಿದ ಮಾತೂ ಸಾಕ್ಷ್ಯ. ಸ್ಥಳ ಪರಿಶೀಲನೆಗೆ ಹೋದ ಗಾರ್ಡು, ಸರ್ವೆಯರು, ಪಂಚಾಯ್ತಿ ಕಾರ್ಯದರ್ಶಿ ತಾವು ಕಂಡ ಸಮಾಧಿಯನ್ನು ಮಹಜರಿನಲ್ಲಿ ಬರೆದರೆ ಅದು ಇದೆ, ಬರೆಯದಿದ್ದರೆ ಇಲ್ಲ. ಯಾರೂ ಸುಳ್ಳು ಬರೆಯಬೇಕಿಲ್ಲ, ಒಂದು ಸಾಲು ಬಿಟ್ಟರೆ ಸಾಕು. ಹಾಗೆಯೇ ಯಾರೂ ಶೂರರಾಗಬೇಕಿಲ್ಲ, ಕಂಡದ್ದನ್ನು ಬರೆದರೆ ಸಾಕು. ಬಾಯಿಮಾತಿನ ಆದೇಶ ಬಂದಾಗ 'ದಯವಿಟ್ಟು ಬರವಣಿಗೆಯಲ್ಲಿ ಕೊಡಿ ಸಾರ್' ಎನ್ನಲು ಬಂಡಾಯಗಾರನೇ ಬೇಕೆಂದಿಲ್ಲ. ಎಷ್ಟೋ ಅನ್ಯಾಯದ ಆದೇಶಗಳು ಕಾಗದದ ಮೇಲೆ ಇಳಿಯಲು ನಾಚುತ್ತವೆ.

ಆದರೂ ಈ ಮಾತನ್ನು ಹೊರಗೆ ಕೂತು ಹೇಳುವುದು ಸುಲಭ. ಆ ನೌಕರನಿಗೂ ಮಕ್ಕಳ ಫೀಸು, ಮನೆ ಸಾಲ, ಮುದಿ ತಾಯಿಯ ಔಷಧಿ ಇದೆ. ಸತ್ಯ ಬರೆದವನು ವರ್ಗವಾಗಿ ಹೋದಾಗ ನಮ್ಮ ಸಮಾಜ ಏನು ಮಾಡುತ್ತದೆ? 'ಬದುಕಲು ಗೊತ್ತಿಲ್ಲದವನು' ಎನ್ನುತ್ತದೆ. ಮಗಳಿಗೆ ವರ ಹುಡುಕುವಾಗ ಸಂಬಳದ ಜೊತೆ 'ಮೇಲಿನದ್ದು' ಎಷ್ಟೆಂದು ಮೆಲ್ಲಗೆ ವಿಚಾರಿಸುವವರು ಎಲ್ಲ ಧರ್ಮ, ಎಲ್ಲ ಜಾತಿಗಳಲ್ಲೂ ಇದ್ದೇವೆ. ಹೀಗಿರುವಾಗ ಗೇಟಿನ ಬಳಿ ನಿಂತವನೊಬ್ಬನೇ ಇಡೀ ಊರಿನ ಪ್ರಾಮಾಣಿಕತೆಯನ್ನು ಹೊರಬೇಕೆನ್ನುವುದು ಯಾವ ನ್ಯಾಯ?

ಆದ್ದರಿಂದ ಪ್ರಶ್ನೆ ನೌಕರನಿಗಷ್ಟೇ ಅಲ್ಲ. ಅವನು 'ಇಲ್ಲ' ಎಂದಾಗ ಅವನ ಪಕ್ಕ ನಿಲ್ಲುವವರು ಯಾರು? ಸುಳ್ಳು ಆರೋಪ ಬಂದಾಗ ಸಾಕ್ಷಿ ಹೇಳುವವರು ಯಾರು? ಕುರ್ಚಿ ಅಮಾನತ್ತಾದರೆ, ಅದರಲ್ಲಿ ಕೂತು ಸತ್ಯ ಬರೆದವನೂ ನಮ್ಮ ಕೈಯಲ್ಲಿರುವ ಅಮಾನತ್ತೇ. ಅವನನ್ನು ಕಾಪಾಡಿಕೊಳ್ಳದ ಸಮಾಜಕ್ಕೆ ಆ ಪದದ ಒಂದೇ ಅರ್ಥ ಉಳಿಯುತ್ತದೆ, ನಾಳೆಯ ಪತ್ರಿಕೆಯಲ್ಲಿ ಓದಿ ಮರೆಯುವ ಅರ್ಥ.