ನೀರಿನ ಮೇಲಣ ಮನೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರವು ಹಲವು ದಿನಗಳಿಂದ ನನ್ನ ಮೇಜಿನ ಮೇಲೆಯೇ ಇರುವುದು. ಉತ್ತರಿಸಲು ಕುಳಿತಾಗಲೆಲ್ಲ ಲೇಖನಿಯು ನಿಂತುಬಿಡುತ್ತದೆ. ಅವನ ನೆರೆಮನೆಯ ವೃದ್ಧರೊಬ್ಬರು, ನಲವತ್ತು ವರ್ಷ ಜೊತೆಗೆ ಬಾಳಿದ ಪತ್ನಿಯು ತೀರಿಕೊಂಡ ಮರುವರ್ಷವೇ, ಮನೆಯನ್ನು ಮಾರಿ ಕಾಲುವೆಯ ದೋಣಿಯೊಂದನ್ನು ಕೊಂಡು ಅದರಲ್ಲಿಯೇ ವಾಸಿಸತೊಡಗಿದರಂತೆ. ಅವರ ಮಗನು, "ತಾಯಿ ಬಾಳಿದ ಮನೆಯನ್ನು ಮಾರಿದಿರಿ, ಇದು ದುಃಖಕ್ಕೆ ಹೆದರಿ ಓಡುವುದಲ್ಲದೆ ಮತ್ತೇನು?" ಎಂದು ನಿಷ್ಠುರವಾಗಿ ನುಡಿದನಂತೆ. "ಗುರುಗಳೇ, ಇದು ಸರಿಯೋ ತಪ್ಪೋ?" ಎಂದು ನನ್ನ ವಿದ್ಯಾರ್ಥಿಯು ಕೇಳುತ್ತಾನೆ. ಅವನು ಹೀಗೆ ಕೇಳಲು ಬೇರೊಂದು ಕಾರಣವುಂಟು. ಅದನ್ನು ಮುಂದೆ ಹೇಳುವೆನು.

ಆ ದೋಣಿಯು ಎಂತಹುದೆಂಬುದನ್ನು ವಾಚಕರು ಮೊದಲು ತಿಳಿಯಬೇಕು. ರೈಲುಗಾಡಿಯು ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಕಲ್ಲಿದ್ದಲು ಮೊದಲಾದ ಸರಕನ್ನು ಸಾಗಿಸುವುದಕ್ಕಾಗಿ ಆ ದೇಶದವರು ಕಾಲುವೆಗಳನ್ನು ತೋಡಿದರು. ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿನ ಕಡೆಗೆ ಹರಿಯುವ ಬ್ರಿಜ್‌ವಾಟರ್ ಕಾಲುವೆಯು 1761ರಲ್ಲಿ ತೆರೆಯಿತು. ಏರುತಗ್ಗಿನ ನೆಲದಲ್ಲಿ ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸಲು ಎರಡೂ ಕಡೆ ಕದಗಳುಳ್ಳ ತೊಟ್ಟಿಗಳಿವೆ; ಅವಕ್ಕೆ ಲಾಕ್ ಎಂದು ಹೆಸರು. ದೇಶದ ಮಧ್ಯಭಾಗದಲ್ಲಿ ಈ ತೊಟ್ಟಿಗಳ ಅಗಲವು ಸುಮಾರು 7 ಅಡಿ ಮಾತ್ರ. ಆದಕಾರಣ ದೋಣಿಯ ಅಗಲವು ಅದಕ್ಕಿಂತಲೂ ಕಡಮೆ. ಉದ್ದವು 70 ಅಡಿಯವರೆಗೂ ಇರಬಹುದು. ನ್ಯಾರೋಬೋಟ್, ಅಂದರೆ ಇಕ್ಕಟ್ಟಿನ ದೋಣಿ, ಎಂಬ ಹೆಸರು ಬಂದುದು ಹೀಗೆ. ಹಿಂದೆ ದಡದ ಮೇಲೆ ನಡೆಯುವ ಕುದುರೆಯು ಇದನ್ನು ಎಳೆಯುತ್ತಿತ್ತು. ಈಗ ಯಂತ್ರವಿದ್ದರೂ ಗಂಟೆಗೆ 4 ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ.

ರೈಲಿನ ಪೈಪೋಟಿಯಿಂದ ಬಾಡಿಗೆಯು ಇಳಿದಾಗ, ದೋಣಿಕಾರರಲ್ಲಿ ಅನೇಕರು ದಡದ ಮನೆಯ ಖರ್ಚನ್ನು ತಾಳಲಾರದೆ ಹೆಂಡಿರುಮಕ್ಕಳನ್ನು ದೋಣಿಗೇ ಕರೆತಂದರು. ಹಿಂಬದಿಯ ಹತ್ತಡಿ ಉದ್ದದ ಕೋಣೆಯಲ್ಲಿ ಅಡಿಗೆ, ನಿದ್ರೆ, ಹೆರಿಗೆ ಎಲ್ಲವೂ ನಡೆಯಬೇಕಾಗಿತ್ತು. ನಿಂತಲ್ಲಿ ನಿಲ್ಲದ ಆ ಮಕ್ಕಳಲ್ಲಿ ಬಹುಮಂದಿಗೆ ಶಾಲೆಯ ಭಾಗ್ಯವಿರಲಿಲ್ಲ. 1962-63ರ ಘೋರ ಚಳಿಗಾಲದಲ್ಲಿ ಕಾಲುವೆಗಳೇ ಹೆಪ್ಪುಗಟ್ಟಿ, ಮೊದಲೇ ಕ್ಷೀಣಿಸಿದ್ದ ಆ ಸಾಗಣೆಯು ಬಹುಮಟ್ಟಿಗೆ ನಿಂತುಹೋಯಿತು. ಅದಕ್ಕೆ ಮುಂಚೆಯೇ, 1944ರಲ್ಲಿ, ಎಲ್. ಟಿ. ಸಿ. ರೋಲ್ಟ್ ಎಂಬವರು ತಮ್ಮ ದೋಣಿವಾಸವನ್ನು ಕುರಿತು ಬರೆದ ಗ್ರಂಥದಿಂದ ಜನರ ಆಸಕ್ತಿಯು ಈ ಕಡೆಗೆ ತಿರುಗಿತ್ತು. ಬಡವನು ಗತಿಯಿಲ್ಲದೆ ಮಾಡಿದುದನ್ನು ಇಂದು ಉಳ್ಳವನು ಮನಸಾರೆ ಮಾಡುತ್ತಾನೆ. ಇದನ್ನು ಅವಸರದಿಂದ ವೈರಾಗ್ಯವೆಂದು ಕರೆಯಲು ನನಗೆ ಸಂಕೋಚವಾಗುತ್ತದೆ. ಪರವಾನಗಿಯ ಹಣ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ತಪಾಸಣೆ, ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದೆತ್ತಿ ತಳಕ್ಕೆ ಕಪ್ಪುಬಣ್ಣ ಬಳಿಯುವುದು, ಇವೆಲ್ಲ ಬರಿಗೈಯವನ ಕೆಲಸವಲ್ಲ.

ನಮ್ಮ ವಾಚಕರಿಗೆ ಇಲ್ಲಿ ಸ್ಥಾವರ ಜಂಗಮ ಎಂಬ ಮಾತುಗಳು ನೆನಪಾಗದೆ ಇರವು. ನನಗೂ ಮೊದಲು ಹಾಗೆಯೇ ಆಯಿತು. ಮನೆಯು ಸ್ಥಾವರ, ದೋಣಿಯು ಜಂಗಮ, ವೃದ್ಧರು ಲೇಸನ್ನೇ ಮಾಡಿದರು ಎಂದು ಬರೆದು ಮುಗಿಸಬೇಕೆಂದಿದ್ದೆನು. ಆದರೆ ತೇಲುವುದೆಲ್ಲ ಜಂಗಮವಾಗುವುದಾದರೆ ನೀರಿನ ಮೇಲಣ ಕಸವೂ ಜಂಗಮವಾಗಬೇಕಾದೀತು! ಶರಣರ ಮಾತನ್ನು ಇಷ್ಟು ಅಗ್ಗವಾಗಿ ಬಳಸಬಾರದೆಂದು ಆ ಹಾಳೆಯನ್ನು ಹರಿದುಹಾಕಿದೆನು.

ಹಾಗಾದರೆ ವೃದ್ಧರು ಓಡಿದರೆ? ಓಡುವವನು ದುಃಖವನ್ನು ನೆನಪಿಗೆ ತರುವ ವಸ್ತುವನ್ನೆಲ್ಲ ಬಿಟ್ಟುಹೋಗುತ್ತಾನೆ. ಇವರು ಹಾಗೆ ಮಾಡಲಿಲ್ಲ. ಏಳಡಿಗೂ ಕಡಮೆ ಅಗಲದ ಮನೆಯಲ್ಲಿ ಏನನ್ನು ಇಡಬೇಕು, ಏನನ್ನು ಕೊಡಬೇಕು ಎಂದು ಪತ್ನಿಯ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ನಿರ್ಣಯಿಸಬೇಕಾಯಿತು. ಬೀಗ ಹಾಕಿದ ಕೋಣೆಯಲ್ಲಿ ಎಲ್ಲವನ್ನೂ ಇದ್ದಂತೆಯೇ ಇಟ್ಟುಕೊಂಡವನಿಗೆ ಈ ಕಷ್ಟವಿಲ್ಲ. ಮೇಲಾಗಿ, 1995ರ ಶಾಸನದ ಪ್ರಕಾರ, ಸ್ವಂತ ತಂಗುದಾಣವಿಲ್ಲದ ದೋಣಿಯು ಒಂದೆಡೆಯಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲಕೂಡದು. ಮನಸ್ಸಿಲ್ಲದಿದ್ದರೂ ಹಗ್ಗವನ್ನು ಬಿಚ್ಚಲೇಬೇಕು. ನೀರು ತುಂಬಬೇಕು, ಒಲೆಗೆ ಸೌದೆ ಕಲ್ಲಿದ್ದಲು ಹೊಂದಿಸಬೇಕು.

ಲಾಕಿನ ವಿಚಾರವಾಗಿ ಅವನು ಬರೆದುದು ನನ್ನ ಮನಸ್ಸಿನಿಂದ ಹೋಗಲೊಲ್ಲದು. ದೋಣಿಯು ಒಳಹೊಕ್ಕ ಮೇಲೆ ಹಿಂದಿನ ಕದವನ್ನು ಮುಚ್ಚಿ, ಕಬ್ಬಿಣದ ಹಿಡಿಕೆಯನ್ನು ತಿರುವಿ ಮೇಲಿನ ನೀರನ್ನು ಬಿಡುತ್ತಾರೆ. ಒಳಗಿನ ನೀರು ಹೊರಗಿನದಕ್ಕೆ ಸಮನಾಗುವ ತನಕ ಮುಂದಿನ ಕದವನ್ನು ಎಷ್ಟು ದೂಡಿದರೂ ಕದಲದು. ಸಮನಾದೊಡನೆ ವೃದ್ಧರೊಬ್ಬರೇ ಬೆನ್ನು ಕೊಟ್ಟು ತೆರೆಯಬಲ್ಲರು. "ಮೊದಲ ತಿಂಗಳು ನಾನು ಬರಿದೆ ದೂಡಿದೆ," ಎಂದು ಅವರು ನಕ್ಕರಂತೆ.

ಇನ್ನು ಪತ್ರದ ಕಡೆಯ ಮಾತು. ನನ್ನ ವಿದ್ಯಾರ್ಥಿಯ ತಂದೆಯವರು ಕಳೆದ ವರ್ಷ ಲಿಂಗೈಕ್ಯರಾದರು. ಅವ್ವ ಹಳ್ಳಿಯ ಮನೆಯಲ್ಲಿ ಒಬ್ಬಳೇ ಇರುವಳು. "ಈ ವೃದ್ಧರನ್ನು ನೋಡಿದ ಮೇಲೆ ಅವ್ವನನ್ನೂ ಆ ಮನೆಯಿಂದ ಬಿಡಿಸಿ ಇಲ್ಲಿಗೆ ಕರೆತರಬೇಕೆನಿಸುತ್ತದೆ. ಆಕೆ ಒಲ್ಲೆನೆನ್ನುತ್ತಾಳೆ. ನೀವು ಒಂದು ಮಾತು ಹೇಳಿರಿ," ಎಂದು ಅವನ ಬೇಡಿಕೆ.

ಆತನು ಎರಡನ್ನೂ ಒಂದೇ ಎಂದು ತಿಳಿದಿರುವನು. ವೃದ್ಧರು ಮನೆಯನ್ನು ತಾವಾಗಿ ಬಿಟ್ಟರು. ಬಿಟ್ಟಮೇಲೆ ಅವರ ಕೈಗೆ ಮೊದಲಿಗಿಂತ ಹೆಚ್ಚು ಕೆಲಸ ಬಂದಿತು. ಅವ್ವನನ್ನಾದರೋ ಮತ್ತೊಬ್ಬರು ಬಿಡಿಸುವರು. ಆಕೆಯ ಕೈಯಿಂದ ಎಮ್ಮೆ, ಹಿತ್ತಿಲು, ರೊಟ್ಟಿಯ ಹಂಚು ಎಲ್ಲವೂ ಹೋಗುವುವು. ಮಗನ ಮನೆಯ ಬೆಚ್ಚನೆಯ ಕೋಣೆಯಲ್ಲಿ ಆಕೆಗೆ ಉಳಿಯುವುದು ಕಿಟಕಿಯೊಂದೇ. ಹಳ್ಳಿಯ ಮನೆಯೇ ಆಕೆಯ ದೋಣಿಯಾಗಿರಬಾರದೇಕೆ? ಆಕೆ ಅಲ್ಲಿ ಸುಖವಾಗಿರುವಳೆಂದು ನಾನು ಹೇಳಲಾರೆನು. ರಾತ್ರಿಯ ಹೊತ್ತು ಆಕೆಗೆ ಏನಾದರೂ ಆದರೆ ಯಾರು ಎಂಬ ಮಗನ ಭಯವು ಸುಳ್ಳಲ್ಲ. ಹಿಮದ ಕಾಲದಲ್ಲಿ ಒಂಟಿಯಾಗಿ ದೋಣಿಯಲ್ಲಿರುವ ಆ ವೃದ್ಧರ ಮಗನಿಗೂ ಅದೇ ಭಯವಿದ್ದೀತು.

ಕೊನೆಗೆ ನಿನ್ನೆ ಹೀಗೆ ಬರೆದೆನು: "ಕರೆದೊಯ್ಯುವ ಮಾತನ್ನು ಈಗ ಎತ್ತಬೇಡ. ರಜೆ ಪಡೆದು ಬಂದು ಒಂದು ತಿಂಗಳು ಅವ್ವನ ಬಳಿ ಇರು. ಎಮ್ಮೆಗೆ ಮೇವು ಹಾಕು, ತಂದೆಯವರ ಪೆಟ್ಟಿಗೆಯನ್ನು ಆಕೆ ತೆರೆದರೆ ಪಕ್ಕದಲ್ಲಿ ಕುಳಿತುಕೋ. ತೆರೆಯದಿದ್ದರೆ ನೀನು ತೆರೆಯಬೇಡ. ಎರಡನೆಯ ಬೇಸಿಗೆಯಲ್ಲಿ ಆ ವೃದ್ಧರ ಮಗನು ಬಂದು ಲಾಕಿನ ಕದಗಳನ್ನು ದೂಡಿದನೆಂದು ಬರೆದಿದ್ದೀಯೆ. ಆಗ ತಂದೆ ಮಕ್ಕಳು ಏನು ಮಾತಾಡಿದರೆಂದು ಬರೆದಿಲ್ಲ. ತಿಳಿದಿದ್ದರೆ ಬರೆ."